ಅಮೆರಿಕಕ್ಕೆ ಕೊಡಬೇಕಾದ ಪಟ್ಟಿ

ಮಸ್ಕಿಯ ಯಂಕೋಬ ಮೂವತ್ತೊಂದು ವರ್ಷ ಬಸ್ಸಿನ ಕಂಡಕ್ಟರನಾಗಿದ್ದು ನಿವೃತ್ತನಾದವನು. ಸಿಂಧನೂರು, ಮಸ್ಕಿ, ಲಿಂಗಸುಗೂರು ಎಂದು ಆ ಒಂದೇ ದಾರಿಯಲ್ಲಿ ಅವನು ಎಷ್ಟು ಸಲ ಹೋಗಿ ಬಂದನೋ ಲೆಕ್ಕವಿಲ್ಲ. ಆದರೆ ಅಷ್ಟೂ ವರ್ಷಗಳಲ್ಲಿ ಒಂದು ಸಲವೂ "ನನಗ ಗೊತ್ತಿಲ್ಲ" ಎಂದವನಲ್ಲ. ಬೆಳಗಾವಿ ಬಸ್ಸು ಎಷ್ಟಕ್ಕೆ ಎಂದು ಯಾರಾದರೂ ಕೇಳಿದರೆ ಬಾಯಿಗೆ ಬಂದ ಒಂದು ಹೊತ್ತನ್ನು ಹೇಳುತ್ತಿದ್ದ. ಆ ಹೊತ್ತಿಗೆ ಬಸ್ಸು ಬಾರದಿದ್ದರೆ ಬಸ್ಸಿನ ಮೇಲೆ ಸಿಟ್ಟಾಗುತ್ತಿದ್ದ.

ನಿವೃತ್ತನಾದ ಮೇಲೆ ಸಿಟ್ಟಾಗಲು ಬಸ್ಸುಗಳಿಲ್ಲದೆ ಅವನಿಗೆ ತೊಂದರೆಯಾಗಿತ್ತು. ಆ ತೊಂದರೆಯನ್ನು ಸೆಪ್ಟೆಂಬರ್ ತಿಂಗಳ ಒಂದು ಭಾನುವಾರ ಅಮೆರಿಕ ದೇಶವು ಬಗೆಹರಿಸಿತು.

ಮಗಳು ನಂದಿನಿ ಅಲ್ಲಿನ ವಿಶ್ವವಿದ್ಯಾಲಯವೊಂದರಲ್ಲಿ ಸವಳು ಭೂಮಿಯ ಮೇಲೆ ಪಿಎಚ್‌ಡಿ ಮಾಡುತ್ತಿದ್ದಳು. ಕಾಲುವೆ ನೀರು ಹೆಚ್ಚಾಗಿ ಉಪ್ಪೇರಿ ಕೆಟ್ಟ ಹೊಲಗಳು ಜವಳಗೇರಾದ ಸುತ್ತ ಎಷ್ಟು ಬೇಕಾದರೂ ಇರುವಾಗ ಅದನ್ನು ನೋಡಲು ಅಷ್ಟು ದೂರ ಯಾಕೆ ಹೋಗಬೇಕು ಎಂದು ಯಂಕೋಬ ಮೊದಲ ವರ್ಷ ಸಿಟ್ಟಾಗಿದ್ದ. ಎರಡನೆಯ ವರ್ಷದಿಂದ ಅದನ್ನೇ ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದ.

"ಅಪ್ಪಾ, ಅವ್ವಗ ಫೋನ್ ಕೊಡು," ಎಂದಳು ನಂದಿನಿ.

"ಎಮ್ಮಿ ಹಿಂಡಾಕತ್ಯಾಳ. ಏನು ನನಗ ಹೇಳು."

"ಅವ್ವಗ ಹೇಳೋದೈತಿ."

"ಅವಳಿಗೇನು ತಿಳೀತದ? ಅಮೆರಿಕಾದ ವಿಷಯ ಅಂದ್ರ ನನಗ ಹೇಳು."

ನಂದಿನಿ ಉಸಿರುಬಿಟ್ಟದ್ದು ಅಷ್ಟು ದೂರದಿಂದಲೂ ಕೇಳಿಸಿತು. "ಹಂಗಾದ್ರ ಪೂರ್ತಿ ಕೇಳು, ನಡುವ ಸಿಟ್ಟಾಗಬ್ಯಾಡ. ಇಲ್ಲಿ ಓದಾಕ ಬಂದವ್ರಿಗೆ ಮೊದಲ ಐದು ವರ್ಷ ರಿಯಾಯಿತಿ ಇರ್ತದ. ನಂದು ಮುಗದಾವ. ಈಗ ತೆರಿಗಿ ಲೆಕ್ಕದಾಗ ನಾನೂ ಇಲ್ಲೀ ಮಂದಿ ಹಂಗ. ಅಮೆರಿಕಾದ ಹೊರಗ ನನ್ನ ಹೆಸರು ಇರೋ ಬ್ಯಾಂಕ್ ಖಾತೆ ಎಲ್ಲಾ ಕೂಡಿ, ಹೋದ ವರ್ಷ ಹತ್ತು ಸಾವಿರ ಡಾಲರ್ ದಾಟಿದ್ರ, ಒಂದೊಂದನ್ನೂ ಫಾರಂದಾಗ ಬರದು ಕೊಡಬೇಕು. ಜೋಡಿ ಹೆಸರಿನ ಖಾತೆ ಇದ್ರೂ ಬರೀಬೇಕು."

"ಯಾಕ? ನನ್ನ ರೊಕ್ಕದಾಗ ಅವರದೇನು ಪಾಲು?"

"ಪಾಲು ಇಲ್ಲ. ಕಸಗೊಳ್ಳಂಗಿಲ್ಲ. ಬರೇ ತಿಳಿಸಬೇಕು. ನನ್ನ ಪಾಲಿನ ಬಡ್ಡಿ ತೆರಿಗಿ ಫಾರಂದಾಗ ಬ್ಯಾರೆ ತೋರಸ್ತೀನಿ. ತಿಳಿಸದಿದ್ರ ದಂಡ ಹಾಕ್ತಾರ. ಅಕ್ಟೋಬರ್ ಹದಿನೈದಕ್ಕ ಕಡೀ ದಿನ. ನಾ ಬ್ಯಾಂಕಿಗೆ ಪತ್ರ ಕಳಿಸೀನಿ, ಅವ್ರು ಲಕೋಟಿ ಕೊಡ್ತಾರ. ಅವ್ವನ್ನ ಕರಕೊಂಡು ಹೋಗು. ಲಕೋಟಿ ಬಿಚ್ಚಬ್ಯಾಡ. ಅವ್ವನ ಕೈಯಾಗ ಕೊಡು. ಕೇಳಿದೇನು? ಬಿಚ್ಚಬ್ಯಾಡ."

ಮೂವತ್ತೊಂದು ವರ್ಷ ಪರರ ಕೈಯ ಚೀಟಿಗಳನ್ನು ಇಸಿದುಕೊಂಡು ನೋಡಿದ ಮನುಷ್ಯನಿಗೆ ಹೇಳಬಾರದ ಮಾತೆಂದರೆ ಇದೊಂದೇ.

ಮರುದಿನ ಅವನು ಒಬ್ಬನೇ ಬ್ಯಾಂಕಿಗೆ ಹೋದ. ಅಲ್ಲಿ ಕರ್ನೂಲಿನ ಕಡೆಯಿಂದ ಹೊಸದಾಗಿ ಬಂದ ಆಫೀಸರನೊಬ್ಬ, ತೆಲುಗಿನಿಂದ ಕನ್ನಡಕ್ಕೆ ಇನ್ನೂ ಅರ್ಧ ದಾರಿ ಮಾತ್ರ ಬಂದಿದ್ದವನು, ಪತ್ರವನ್ನು ಎರಡು ಸಲ ಓದಿದ.

"ಸಾರ್, ಲೆಟರ್‌ಲೋ ಅಮ್ಮ ಅಂತ ಉಂದಿ. ಅಪ್ಪ ಅಂತ ಲೇದು."

"ಅಮ್ಮನ ಗಂಡ ಯಾರು?"

"ಮೀರು... ನೀವು."

"ಮತ್ತ?"

ಆಫೀಸರ ಕೊಡುವಂತಿರಲಿಲ್ಲ. ಆದರೆ ಯಂಕೋಬ ನಿಂತಲ್ಲಿಂದಲೇ, ತುಂಬಿದ ಬಸ್ಸಿನ ಹಿಂದಿನ ಸೀಟಿಗೆ ಕೇಳಿಸುವ ಧ್ವನಿಯಲ್ಲಿ, ಪಿಂಚಣಿದಾರನಿಗೆ ಬ್ಯಾಂಕಿನಲ್ಲಿ ಆಗುತ್ತಿರುವ ಅವಮಾನವನ್ನು ಸಾಲಿನಲ್ಲಿ ನಿಂತ ನಲವತ್ತು ಜನಕ್ಕೆ ವಿವರಿಸತೊಡಗಿದ. ಹನ್ನೊಂದು ನಿಮಿಷದ ನಂತರ ಆಫೀಸರ ಅಂಟು ಹಚ್ಚಿದ ಲಕೋಟೆಯನ್ನು ಅವನ ಕೈಗಿಟ್ಟು, "ವೆಳ್ಳಂಡಿ ಸಾರ್, ದಯಚೇಸಿ ಹೋಗ್ರಿ," ಎಂದ. ನಿಯಮ ಬಲ್ಲವನು ಸೋಲುವುದೂ ಗಂಟಲು ಇದ್ದವನು ಗೆಲ್ಲುವುದೂ ಆ ಕೌಂಟರಿನಲ್ಲಿ ಅದು ಮೊದಲ ಸಲವೇನಲ್ಲ.

ಬ್ಯಾಂಕಿನ ಎದುರಿಗೇ ಹುಸೇನ್‌ಸಾಬನ ಝೆರಾಕ್ಸ್ ಅಂಗಡಿ. ಪಟ್ಟಿಯನ್ನು ಮಗಳಿಗೆ ಕಳಿಸಬೇಕಾದರೆ ಸ್ಕ್ಯಾನ್ ಮಾಡಬೇಕು, ಸ್ಕ್ಯಾನ್ ಮಾಡಬೇಕಾದರೆ ಲಕೋಟೆ ಬಿಚ್ಚಬೇಕು, ಆದ್ದರಿಂದ ಬಿಚ್ಚುವುದು ಮಗಳ ಮಾತನ್ನು ಮೀರಿದಂತಾಗುವುದಿಲ್ಲ. ರಸ್ತೆ ದಾಟುವಷ್ಟರಲ್ಲಿ ಯಂಕೋಬ ಇಷ್ಟು ನ್ಯಾಯವನ್ನು ಮಾಡಿ ಮುಗಿಸಿದ್ದ.

ಅಂಗಡಿಯಲ್ಲಿ ಪಕ್ಕದ ಮನೆಯ ಬಾಲಪ್ಪ ಆಧಾರ್ ಕಾರ್ಡಿನ ನಕಲು ತೆಗೆಸುತ್ತ ನಿಂತಿದ್ದ. ಸಿಂಧನೂರಿನಲ್ಲಿ ಹಳೆಯ ಬುಲೆಟ್ ಗಾಡಿಯೊಂದನ್ನು ನೋಡಿ ಬಂದಿದ್ದ. ಸಾಲದ ಅರ್ಜಿಗೆ ನಕಲು ಬೇಕಿತ್ತು. ಬಾಲಪ್ಪನಿಗೆ ಗಾಡಿ ಹತ್ತಿ ಹೋಗಬೇಕಾದ ಕೆಲಸ ಯಾವುದೂ ಇರಲಿಲ್ಲ. ಹೆಂಡತಿ ಆದಮ್ಮ ಮಾತ್ರ ನಾಟಿಯ ದಿನಗಳಲ್ಲಿ ಬೆಳಗಿನ ಐದಕ್ಕೆ ಟಂಟಂ ಆಟೋ ಹತ್ತಿ ಜವಳಗೇರಾದ ಗದ್ದೆಗಳಿಗೆ ಹೋಗುತ್ತಿದ್ದಳು, ಇನ್ನೂ ಹನ್ನೆರಡು ಹೆಂಗಸರ ಜೊತೆ, ನಿಂತುಕೊಂಡು.

"ಏನ್ ಯಂಕೋಬಣ್ಣ, ಭಾರಿ ಗತ್ತಿನಾಗ ಹೊಂಟಿ?"

"ಅಮೆರಿಕಾ ಸರಕಾರದವ್ರು ನಮ್ಮ ಖಾತೆ ಕೇಳ್ಯಾರ," ಎಂದು ಯಂಕೋಬ ಲಕೋಟೆ ಹರಿದ. "ನಿಂದು ನಮ್ಮ ತಹಸೀಲ್ದಾರನೂ ಕೇಳಂಗಿಲ್ಲ. ನಂದು ಅಮೆರಿಕಾ ಕೇಳ್ತದ."

ಒಳಗೆ ಒಂದೇ ಹಾಳೆ. ಯಂಕೋಬ ಕನ್ನಡಕ ಏರಿಸಿ, ಸ್ಟಾಪುಗಳನ್ನು ಕೂಗುವ ರಾಗದಲ್ಲಿ ಓದಿದ. "ಒಂದು. ನಂದಿನಿ. ಹನ್ನೊಂದು ಸಾವಿರ. ಎರಡು. ನಂದಿನಿ ಮತ್ತು ಯಂಕೋಬ. ಎರಡು ಲಕ್ಷ ಅರವತ್ತು ಸಾವಿರ. ಕೇಳಿದ್ಯೇನ್ಲೇ ಬಾಲಪ್ಪ? ಎರಡು ಲಕ್ಷ ಅರವತ್ತು! ಮೂರು. ನಂದಿನಿ ಮತ್ತು ಆದಮ್ಮ ಗಂಡ ಬಾಲಪ್ಪ. ಒಂದು ಲಕ್ಷ ನಲವತ್ತೆರಡು ಸಾವಿರ."

ಓದಿಯಾದ ಮೇಲೆ ಅವನಿಗೇ ಅನುಮಾನ ಬಂದು ಇನ್ನೊಮ್ಮೆ ಓದಿದ. ಎರಡನೆಯ ಸಲ ಇನ್ನೂ ಜೋರಾಗಿ.

"ಯಾವ ಆದಮ್ಮ?" ಎಂದ ಬಾಲಪ್ಪ.

"ಗಂಡ ಬಾಲಪ್ಪ ಅಂತ ಅದ. ಮಸ್ಕಿ ಅಂತ ಅದ. ಊರಾಗ ನಿನ್ನಂಥವ ಇನ್ನೊಬ್ಬ ಅದಾನೇನು?"

ಹುಸೇನ್‌ಸಾಬ್ ಗಟ್ಟಿಯಾಗಿ ನಕ್ಕ. "ಅರೆ ಬಾಲಪ್ಪ, ಮನ್ಯಾಗ ಬ್ಯಾಂಕ್ ಇಟ್ಟಕೊಂಡು ಸಾಲದ ಅರ್ಜಿ ತುಂಬಾಕತ್ತೀಯಲ್ಲೋ!" ಎನ್ನುತ್ತ ಹಾಳೆಯನ್ನು ಯಂಕೋಬನ ಕೈಯಿಂದ ತೆಗೆದು ಯಂತ್ರದ ಮೇಲಿಟ್ಟ. ಹಿಂಬದಿಯಲ್ಲೂ ಏನೋ ಅಚ್ಚಾದದ್ದು ಕಂಡು ತಿರುಗಿಸಬೇಕೆನ್ನುವಷ್ಟರಲ್ಲಿ ಅವನ ಕಣ್ಣು ನಾಲ್ಕನೆಯ ಸಾಲಿನ ಮೇಲೆ ಬಿತ್ತು. ನಂದಿನಿ ಮತ್ತು ಜುಬೇದಾಬೀ. ಎಂಬತ್ತೆಂಟು ಸಾವಿರ.

ಜುಬೇದಾಬೀ ಅವನ ಹೆಂಡತಿ. ನಗು ಅಲ್ಲಿಗೇ ನಿಂತಿತು. "ಹೋದ ವಾರ ಟೋನರ್ ತರಾಕ ಎರಡು ಸಾವಿರ ಕೇಳಿದೆ," ಎಂದ ಹುಸೇನ್‌ಸಾಬ್, ಯಾರಿಗೂ ಅಲ್ಲದೆ, ಯಂತ್ರಕ್ಕೆ. "ರವಿಕಿ ಹೊಲದದ್ದು ದಾರಕ್ಕೂ ಸಾಲಂಗಿಲ್ಲ ಅಂದ್ಳು. ಖುದಾ ಮ್ಯಾಲ ಆಣಿ ಇಟ್ಟು ಅಂದ್ಳು!"

ಬಾಲಪ್ಪ ಆಗಲೇ ಫೋನು ಕಿವಿಗೆ ಹಿಡಿದಿದ್ದ. "ಸಿಂಧನೂರು ಸೇಠ್‌ರೇನು? ಲೋನ್ ಬ್ಯಾಡ. ನಗದು ಕೊಡ್ತೀನಿ. ಈಗ ಐದು ಸಾವಿರ ಮುಂಗಡ ಬಯಾನಾ ಕಳಸ್ತೀನಿ, ಗಾಡಿ ಬ್ಯಾರೆಯವ್ರಿಗೆ ತೋರಿಸಬ್ಯಾಡ್ರಿ!"

ಹೀಗೆ ಅಮೆರಿಕದ ಖಜಾನೆ ಇಲಾಖೆಗೆ ಗುಟ್ಟಾಗಿ ಮುಟ್ಟಬೇಕಿದ್ದ ಪಟ್ಟಿ, ಮೊದಲು ಮಸ್ಕಿಯ ಇಬ್ಬರು ಗಂಡಂದಿರಿಗೆ ಮುಟ್ಟಿತು.

ಆ ಖಾತೆಗಳ ಕಥೆ ದೊಡ್ಡದೇನಲ್ಲ. ಆದಮ್ಮ ಮೊದಲು ಕೂಲಿಯ ಹಣವನ್ನು ಅಕ್ಕಿ ಡಬ್ಬಿಯಲ್ಲಿ ಇಡುತ್ತಿದ್ದಳು. ಬಾಲಪ್ಪನಿಗೆ ಸಿಕ್ಕಿತು. ದೇವರ ಫೋಟೋದ ಹಿಂದೆ ಇಟ್ಟಳು. ಅದೂ ಸಿಕ್ಕಿತು, ಬಾಲಪ್ಪ ದೈವಭಕ್ತ. ಬ್ಯಾಂಕಿನಲ್ಲಿಟ್ಟರೆ ಹೊಡೆದು ಸಹಿ ಮಾಡಿಸಿಕೊಳ್ಳುತ್ತಿದ್ದ. ಆಗ ಕಾಲೇಜಿನಲ್ಲಿದ್ದ ನಂದಿನಿ ಅವಳಿಗೊಂದು ದಾರಿ ಹೇಳಿಕೊಟ್ಟಳು: ಇಬ್ಬರ ಹೆಸರಿನ ಖಾತೆ, ಇಬ್ಬರೂ ಸಹಿ ಮಾಡದೆ ಒಂದು ರೂಪಾಯಿಯೂ ಹೊರಬರದು. ಬಾಲಪ್ಪ ಆದಮ್ಮನನ್ನು ಹೊಡೆಯಬಹುದಿತ್ತು. ಕಂಡಕ್ಟರನ ಮಗಳನ್ನು ಹೊಡೆಯುವಂತಿರಲಿಲ್ಲ. ಜುಬೇದಾಬೀ ಅದನ್ನು ನೋಡಿ ತಾನೂ ಮಾಡಿಸಿದಳು. ನಂದಿನಿ ಅಮೆರಿಕಕ್ಕೆ ಹೋದಾಗ ಊರಿನ ಗಂಡಸರು ಅವಳ ಭವಿಷ್ಯದ ಬಗ್ಗೆ ಮಾತಾಡಿದರು. ಈ ಹೆಂಗಸರು ಮಾತ್ರ, ಬೀಗದ ಕೈ ಏಳು ಸಮುದ್ರದಾಚೆ ಹೋಯಿತೆಂದು ನಿಶ್ಚಿಂತೆಯಿಂದ ನಿದ್ದೆ ಮಾಡಿದರು.

ಈಗ ಆ ಹಣಕ್ಕೆ ಕೆಲಸ ಬಂದಿತ್ತು. ಆದಮ್ಮನ ಮಗಳು ಮೌನೇಶ್ವರಿಗೆ ಲಿಂಗಸುಗೂರಿನಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ಎಪ್ಪತ್ತು ಸಾವಿರ ಕಟ್ಟಬೇಕು. ಬುಧವಾರ ಕಡೆಯ ದಿನ. ಇಂದು ಸೋಮವಾರ.

ಸಂಜೆ ಓಣಿಯಲ್ಲಿ ಎದ್ದ ಗದ್ದಲಕ್ಕೆ ಎಮ್ಮೆಗಳೂ ಗಾಬರಿಯಾದವು.

"ಗಂಡಗ ತಿಳೀದಂಗ ರೊಕ್ಕ ಇಡೋದಕ್ಕ ಏನಂತಾರ ಗೊತ್ತೇನು? ಕಳ್ಳತನ ಅಂತಾರ!" ಬಾಲಪ್ಪ ಕಟ್ಟೆಯ ಮೇಲೆ ನಿಂತು, ಕಿತ್ತುಕೊಂಡ ಪಾಸ್‌ಬುಕ್ಕನ್ನು ಎಲ್ಲರಿಗೂ ತೋರಿಸುತ್ತ ಕೂಗಿದ.

"ಹೌದ? ಅಕ್ಕಿ ಡಬ್ಬ್ಯಾಗಿಂದ ತಗೊಂಡು ಹೋಗ್ತಿದ್ದೆಲ್ಲ, ಅದಕ್ಕೇನಂತಾರ? ದಾನ ಅಂತಾರೇನು?" ಆದಮ್ಮನ ಕಾಲಿನ ಬೆರಳುಗಳ ಸಂದಿನಲ್ಲಿ ಗದ್ದೆಯ ಕೆಸರಿನ ಹುಣ್ಣು ಇನ್ನೂ ಮಾಗಿರಲಿಲ್ಲ. ಅವಳು ಆ ಕಾಲನ್ನು ಎತ್ತಿ ಮುಂದಿಟ್ಟಳು. "ಇದನ್ನ ನೋಡು. ಇದು ನಿನ್ನ ಗಾಡಿ ಗಾಲಿ ಅಲ್ಲ. ಈ ರೊಕ್ಕ ಮೌನೇಶ್ವರೀದು. ಮುಟ್ಟಿದ್ರ ನೋಡು!"

"ಹೆಣ್ಣಮಕ್ಕಳು ನರ್ಸ್ ಆಗಿ ಯಾರಿಗೆ ಸೂಜಿ ಚುಚ್ಚಬೇಕಾಗ್ಯಾದ?"

"ಮೊದಲು ನಿನಗ ಚುಚ್ಚತಾಳ!"

ಅತ್ತ ಹುಸೇನ್‌ಸಾಬನ ಬಾಗಿಲಲ್ಲಿ ಜುಬೇದಾಬೀ ಕತ್ತರಿ ಹಿಡಿದೇ ನಿಂತಿದ್ದಳು. "ಆಣಿ ಇಟ್ಟದ್ದು ಸುಳ್ಳಲ್ಲ ಸಾಬ್. ದಾರಕ್ಕ ಸಾಲಂಗಿಲ್ಲ ಅಂದೆ. ಸಾಲಂಗಿಲ್ಲ. ಅದು ಖಾತೆದಾಗ ಅದ, ದಾರಕ್ಕ ಹೆಂಗ ಸಾಲಬೇಕು?"

ಇಬ್ಬರು ಗಂಡಂದಿರೂ ನ್ಯಾಯ ಕೇಳಲು ಯಂಕೋಬನ ಮನೆಗೆ ಬಂದರು. ಯಂಕೋಬ ಈ ಹೊತ್ತಿಗಾಗಿಯೇ ಅಂಗಿ ಬದಲಿಸಿ ಕುರ್ಚಿ ಹಾಕಿಕೊಂಡಿದ್ದ. ಒಳಗೆ ಅವನ ಹೆಂಡತಿ ಗದ್ದೆಮ್ಮ ರೊಟ್ಟಿ ಬಡಿಯುತ್ತಿದ್ದಳು.

"ನೋಡ್ರಿ, ಮನೀ ಯಜಮಾನಗ ಹಿಡಿತ ಇರಬೇಕು," ಎಂದು ಅವನು ಆರಂಭಿಸಿದ. "ನನ್ನ ಮನ್ಯಾಗ ನೋಡ್ರಿ. ಇಂಥಾದ್ದು ನಡೆಯಂಗಿಲ್ಲ. ಗದ್ದೆಮ್ಮ ಎಂಟಾಣೆ ಖರ್ಚ ಮಾಡಿದ್ರೂ ನನಗ ಗೊತ್ತಾಗ್ತದ."

ಒಳಗಿನ ರೊಟ್ಟಿಯ ಸದ್ದು ಒಂದು ಕ್ಷಣ ನಿಂತು, ಮತ್ತೆ ಜೋರಾಯಿತು.

"ಅದಿರಲಿ ಯಂಕೋಬಣ್ಣ, ಈಗ ರೊಕ್ಕ ಹೆಂಗ ಬಿಡಿಸೋದು? ಅಮೆರಿಕಾ ಕಾನೂನು ಏನಂತದ?"

ಗೊತ್ತಿಲ್ಲ ಎಂದಿದ್ದರೆ ಸಾಕಿತ್ತು. ಈ ಕಥೆಯೂ ಇಲ್ಲಿಗೇ ಮುಗಿಯುತ್ತಿತ್ತು. ಯಂಕೋಬ ಮೇಲಕ್ಕೆ ನೋಡಿ, ಬೆಳಗಾವಿ ಬಸ್ಸಿನ ಹೊತ್ತನ್ನು ಹೇಳುವವನಂತೆ ಹೇಳಿದ: "ಪಟ್ಟಿ ಕೊಟ್ಟ ಮ್ಯಾಲ ಜೋಡಿ ಖಾತೆ ಬಂದ್ ಆಗ್ತಾವ. ರೊಕ್ಕ ಮನೀ ಯಜಮಾನ್ರ ಹೆಸರಿಗೆ ವರ್ಗ ಆಗ್ತದ. ಅಲ್ಲಿ ರೂಲೇ ಹಂಗ ಅದ. ಲಿಂಗಸುಗೂರಿನಾಗ ಆಡಿಟರ್ ಅದಾನ, ಅಂವನ ಮುದ್ರಿ ಬಿದ್ರ ಆತು."

ಬಾಲಪ್ಪ ಅವನ ಕಾಲು ಮುಟ್ಟುವುದೊಂದು ಬಾಕಿ.

ಮಂಗಳವಾರ ಬೆಳಿಗ್ಗೆ ಎಂಟೂವರೆಯ ಬಸ್ಸಿಗೆ ಮೂವರೂ ಲಿಂಗಸುಗೂರಿಗೆ ಹೊರಟರು. ಬಾಲಪ್ಪ ಪಾಸ್‌ಬುಕ್ಕನ್ನು ಎದೆಯ ಜೇಬಿನಲ್ಲಿಟ್ಟು ಗುಂಡಿ ಹಾಕಿಕೊಂಡಿದ್ದ. ಹೆಂಗಸರು ಜಗಳಕ್ಕೆ ಬರಲಿಲ್ಲ, ಬಾಗಿಲಿಗೂ ಬರಲಿಲ್ಲ. ಇದನ್ನು ಯಂಕೋಬ ತನ್ನ ಮಾತಿನ ಪ್ರಭಾವವೆಂದು ತಿಳಿದ.

ಆಡಿಟರ್ ವಿರೇಶ ಅವರನ್ನು ಮಧ್ಯಾಹ್ನದ ಎರಡರವರೆಗೆ ಹೊರಗಿನ ಬೆಂಚಿನ ಮೇಲೆ ಕೂರಿಸಿದ. ಒಳಗೆ ಕರೆದ ಮೇಲೆ ಮೊದಲು ಐನೂರು ರೂಪಾಯಿ ಇಸಿದುಕೊಂಡ, ಆಮೇಲೆ ಕನ್ನಡಕ ಹಾಕಿಕೊಂಡ.

"ಯಜಮಾನ್ರ ಹೆಸರಿಗೆ ವರ್ಗ ಆಗ್ತದ ಅಂತ ನಿಮಗ ಹೇಳಿದವ್ರು ಯಾರು?"

ಬಾಲಪ್ಪ, ಹುಸೇನ್‌ಸಾಬ್ ಇಬ್ಬರೂ ಯಂಕೋಬನತ್ತ ನೋಡಿದರು. ಯಂಕೋಬ ಗೋಡೆಯ ಕ್ಯಾಲೆಂಡರ್ ನೋಡಿದ.

"ಅಂಥಾ ರೂಲು ಅಮೆರಿಕಾದಾಗಿಲ್ಲ, ಇಲ್ಲೂ ಇಲ್ಲ," ಎಂದ ವಿರೇಶ. "ಇದು ಬರೇ ತಿಳಿಸೋ ಪಟ್ಟಿ. ಖಾತೆ ಹೆಂಗವೋ ಹಂಗ ಇರ್ತಾವ. ಇಬ್ಬರೂ ದಸ್ಕತ್ ಹಾಕದ ರೊಕ್ಕ ಹೊರಗ ಬರಂಗಿಲ್ಲ. ನಿಮ್ಮ ಪಾಸ್‌ಬುಕ್ ಜೇಬಿನಾಗಿದ್ರೂ ಅಷ್ಟ, ಬಾವ್ಯಾಗಿದ್ರೂ ಅಷ್ಟ."

"ಮತ್ತ ನನ್ನ ಐದು ಸಾವಿರ ಬಯಾನಾ?" ಎಂದು ಬಾಲಪ್ಪ ಎದ್ದು ನಿಂತ.

"ಅದಕ್ಕೂ ಅಮೆರಿಕಾಕ್ಕೂ ಸಂಬಂಧ ಇಲ್ಲ." ವಿರೇಶ ಕ್ಯಾಲ್ಕುಲೇಟರ್ ಒತ್ತಿದ. ಹುಬ್ಬು ಗಂಟಿಕ್ಕಿದ. "ಅಲ್ಲರೀ, ಇವು ನಾಲ್ಕೂ ಕೂಡಿದ್ರ ಐದು ಲಕ್ಷ ಒಂದು ಸಾವಿರ. ಹತ್ತು ಸಾವಿರ ಡಾಲರ್ ಅಂದ್ರ ಎಂಟೂವರಿ ಲಕ್ಷದ ಮ್ಯಾಲ ಆಗ್ತದ. ಮಿತಿ ದಾಟೇ ಇಲ್ಲ! ನಿಮ್ಮ ಮಗಳು ಪಟ್ಟಿ ಕೊಡೋ ಜರೂರತ್ತೇ ಇಲ್ಲ."

ಯಂಕೋಬನ ಬೆನ್ನು ನೆಟ್ಟಗಾಯಿತು. "ನಾ ಮೊದಲಿಂದ ಅದನ್ನೇ ಹೇಳಾಕತ್ತೀನಿ. ಓದಿದ ಹುಡುಗ್ಯಾರಿಗೆ ಲೆಕ್ಕ ಬರಂಗಿಲ್ಲ."

"ತಡೀರಿ," ಎಂದ ವಿರೇಶ, "ಹಿಂದ ಒಂದು ಐತಿ." ಹಾಳೆಯನ್ನು ತಿರುಗಿಸಿ, ಮೂವರಿಗೂ ಕೇಳುವಂತೆ, ಒಂದೊಂದೇ ಅಕ್ಷರ ಬಿಡಿಸಿ ಓದಿದ. "ಐದು. ನಂದಿನಿ ಮತ್ತು ಗದ್ದೆಮ್ಮ ಗಂಡ ಯಂಕೋಬ. ಮೂರು ಲಕ್ಷ ಎಂಬತ್ತಾರು ಸಾವಿರ."

ಯಂಕೋಬ ಹಾಳೆಯನ್ನು ಇಸಿದುಕೊಂಡು, ಕನ್ನಡಕ ಏರಿಸಿ ತಾನೇ ನೋಡಿದ.

"ಈಗ ದಾಟ್ತು ನೋಡ್ರಿ," ಎಂದ ವಿರೇಶ. "ಎಂಟು ಲಕ್ಷ ಎಂಬತ್ತೇಳು ಸಾವಿರ. ಈ ಒಂದು ಖಾತೆ ಇಲ್ಲದಿದ್ರ ಯಾರದೂ ಬರಿಯೋದು ಬೇಕಿರಲಿಲ್ಲ. ಇವರು ನಿಮಗ ಏನಾಗಬೇಕು?"

ಯಂಕೋಬನ ಬಾಯಿ ತೆರೆಯಿತು. ಮೂವತ್ತೊಂದು ವರ್ಷಗಳಲ್ಲಿ ಮೊದಲ ಸಲ, ಆ ಬಾಯಿಂದ ಆ ಮಾತು ಬಂತು.

"ನನಗ... ಗೊತ್ತಿಲ್ಲ."

"ಎಂಟಾಣೆ ಖರ್ಚ ಮಾಡಿದ್ರೂ ಗೊತ್ತಾಗ್ತದ ಅಂದಿದ್ದೆಲ್ಲೋ!" ಎಂದು ಬಾಲಪ್ಪ ಅರಚಿದ. "ನೀ ಪಟ್ಟಿ ಓದಿದ್ದು ಕೇಳಿ ನಾ ಬಯಾನಾ ಕಳಕೊಂಡೆನಲ್ಲೋ!"

"ಖರ್ಚ ಮಾಡಿದ್ರ ಗೊತ್ತಾಗ್ತಿತ್ತು ಬಾಲಪ್ಪ," ಎಂದ ಹುಸೇನ್‌ಸಾಬ್. "ಆಕಿ ಖರ್ಚೇ ಮಾಡಿಲ್ಲ." ಅವನಿಗೆ ತನ್ನ ಎಂಬತ್ತೆಂಟು ಸಾವಿರದ ದುಃಖ ಆಗಲೇ ಅರ್ಧ ಕಡಿಮೆಯಾಗಿತ್ತು.

ಸಂಜೆಯ ನಾಲ್ಕೂವರೆಯ ಮಸ್ಕಿ ಬಸ್ಸಿನಲ್ಲಿ, ಹೆಂಗಸರ ಸೀಟಿನಲ್ಲಿ ಗದ್ದೆಮ್ಮ, ಆದಮ್ಮ, ಮೌನೇಶ್ವರಿ ಸಾಲಾಗಿ ಕೂತು ಮಿರ್ಚಿ ಭಜಿ ತಿನ್ನುತ್ತಿದ್ದರು. ಗಂಡಸರು ಹತ್ತಿದರು. ಯಾರೂ ಬೆಚ್ಚಲಿಲ್ಲ, ಗಂಡಸರನ್ನು ಬಿಟ್ಟು.

"ನೀವ್ಯಾಕ ಲಿಂಗಸುಗೂರಿಗೆ ಬಂದ್ರಿ?" ಎಂದ ಬಾಲಪ್ಪ.

ಮೌನೇಶ್ವರಿ ಮಡಿಲಿನ ಪ್ಲಾಸ್ಟಿಕ್ ಚೀಲದಿಂದ ಕಾಲೇಜಿನ ರಸೀದಿ ತೆಗೆದು ತೋರಿಸಿದಳು. ಎಪ್ಪತ್ತು ಸಾವಿರ. ಪಾವತಿಯಾಗಿದೆ. ಕೊಡಲಿಲ್ಲ; ತೋರಿಸಿ, ಮತ್ತೆ ಒಳಗಿಟ್ಟಳು.

"ಪಾಸ್‌ಬುಕ್ ನನ್ನ ಜೇಬಿನಾಗದ!"

"ಇಟ್ಟಕೋ," ಎಂದಳು ಆದಮ್ಮ. "ಚೆಕ್ ಬುಕ್ ಗದ್ದೆಮ್ಮಕ್ಕನ ಹಂತೇಲಿ ಐತಿ. ನಂದಿನಿ ಹೋಗೋ ಮುಂದ ಹತ್ತು ಹಾಳಿಗೆ ದಸ್ಕತ್ ಮಾಡಿಟ್ಟು ಹೋಗ್ಯಾಳ. ಬೆಳಿಗ್ಗೆ ಬ್ಯಾಂಕ್ ತೆಗೆದ ಕೂಡ್ಲೇ ಕಾಲೇಜಿನ ಹೆಸರಿಗೆ ಡಿಡಿ ತಗಸಿದ್ವಿ. ನೀವು ಊರಾಗ ಇಲ್ಲದ್ದು ಬಾಳ ಚಲೋ ಆತು. ಯಂಕೋಬ ಮಾವಗ ಪುಣ್ಯ ಬರಲಿ."

ಯಂಕೋಬ ಕಂಬಿ ಹಿಡಿದು ಹೆಂಡತಿಯ ಎದುರು ನಿಂತಿದ್ದ.

"ಮೂರು ಲಕ್ಷ ಎಂಬತ್ತಾರು ಸಾವಿರ!"

"ಹಾಲಿಂದು," ಎಂದಳು ಗದ್ದೆಮ್ಮ. "ಹದಿನಾಕು ವರ್ಷದ್ದು. ಸುಳ್ಳ್ಯಾಕ ಹೇಳ್ಲಿ, ಸಗಣಿ ಕುಳ್ಳಿಂದೂ ಒಂದೀಟು ಐತಿ."

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ಝೆರಾಕ್ಸ್ ಅಂಗಡ್ಯಾಗ ನಿಂತು ಓದತಿದ್ದಿ."

ಹಿಂದಿನ ಸೀಟಿನಲ್ಲಿದ್ದ ಸಂತೆಕಲ್ಲೂರಿನ ಮುದುಕಿಯೊಬ್ಬಳು, ವಿಷಯ ಏನೆಂದು ತಿಳಿಯದಿದ್ದರೂ, ಬಾಯಿಗೆ ಸೆರಗು ಹಚ್ಚಿ ನಕ್ಕಳು. ಯಂಕೋಬ ಅವಳ ಮೇಲೆ ಸಿಟ್ಟಾಗಿ, ಟಿಕೀಟು ತಗೊಂಡೀಯೇನು ಎಂದು ಕೇಳಿದ. ಈಗಿನ ಕಂಡಕ್ಟರ್ ಬಂದು, "ಕಾಕಾ, ನೀವು ಮೊದಲು ತಗೋರಿ," ಎಂದ.

ಮುಂದಿನ ಭಾನುವಾರ ನಂದಿನಿ ವೀಡಿಯೊ ಕರೆ ಮಾಡಿದಳು. ಗದ್ದೆಮ್ಮ ಫೋನನ್ನು ನೀರಿನ ತಂಬಿಗೆಗೆ ಒರಗಿಸಿ ನಿಲ್ಲಿಸಿದಳು. ಆದಮ್ಮ, ಜುಬೇದಾಬೀ ಹತ್ತಿರ ಸರಿದು ಕೂತರು. ಯಂಕೋಬ ಬಾಗಿಲಿನ ಚೌಕಟ್ಟಿಗೆ ಒರಗಿದ್ದ. ಮಗಳು ಮೊದಲು ಅವನನ್ನೇ ಕರೆದು, ಲಕೋಟೆಯ ವಿಷಯವಾಗಿ ಆಡಬೇಕಾದ್ದನ್ನೆಲ್ಲ ಆಡಿ ಮುಗಿಸಿದ್ದಳು. ಆ ಮಾತುಗಳನ್ನು ಇಲ್ಲಿ ಬರೆಯುವುದು ಬೇಡ. ಓಣಿಯವರೆಲ್ಲ ಕೇಳಿದ್ದಾರೆ.

"ಈಗ ಜೋಡಿ ಖಾತೆದವ್ರ ಹೆಸರು ತುಂಬತೀನಿ," ಎಂದಳು ನಂದಿನಿ. "ಆದಮ್ಮಕ್ಕ, ನಿನ್ನ ಹೆಸರು ಬರದೆ. ಊರು ಮಸ್ಕಿ ಅಂತ ಬರದೆ. ಆತು."

"ಆತಂದ್ರ?" ಎಂದ ಯಂಕೋಬ ಬಾಗಿಲಿನಿಂದಲೇ. "ಗಂಡ ಬಾಲಪ್ಪ ಅಂತ ಬರೀ."

"ಆ ಜಾಗ ಇಲ್ಲಪ್ಪ ಇದ್ರಾಗ."

"ಇಲ್ಲಂದ್ರ? ರೇಶನ್ ಕಾರ್ಡಿನಾಗ ಐತಿ, ಪಾಸ್‌ಬುಕ್‌ನಾಗ ಐತಿ, ದವಾಖಾನಿ ಚೀಟ್ಯಾಗ ಐತಿ! ಅಷ್ಟು ದೊಡ್ಡ ದೇಶದ ಫಾರಂದಾಗ ಗಂಡನ ಹೆಸರಿಗೆ ಒಂದು ಗೆರಿ ಇಲ್ಲೇನು? ಗದ್ದೆಮ್ಮನ ಮುಂದ ನಂದೂ ಇಲ್ಲೇನು?"

"ನಿನ್ನ ಹೆಸರು ನಿನ್ನ ಖಾತೆ ಮುಂದ ಅದ. ಅವ್ವನ ಖಾತೆ ಮುಂದ ಅವ್ವನ ಹೆಸರಷ್ಟ."

ಯಂಕೋಬ ಅಮೆರಿಕದ ಮೇಲೆ ಕೊನೆಯ ಸಲ ಸಿಟ್ಟಾಗಿ ಹೊರಗೆ ನಡೆದ. ಎದುರಿನ ಕಟ್ಟೆಯ ಮೇಲೆ ಬಾಲಪ್ಪ ಕೂತಿದ್ದ, ಗಾಡಿ ಇಲ್ಲದೆ. ಅವನ ಪಕ್ಕದಲ್ಲಿ ಕೂತ.

ಆದಮ್ಮ ಬಾಗಿಲಿನಾಚೆ ಒಮ್ಮೆ ನೋಡಿದಳು. ಆಮೇಲೆ ಫೋನಿನ ಹತ್ತಿರಕ್ಕೆ ಇನ್ನಷ್ಟು ಸರಿದಳು.

"ಯವ್ವಾ ನಂದಿನಿ, ನಂದು ಇನ್ನೊಂದ್ಸಲ ಓದು. ಜೋರಾಗಿ ಓದವ್ವ, ಅಂವ ಅಲ್ಲೇ ಕಟ್ಟಿ ಮ್ಯಾಲ ಕುಂತಾನ."